ಯುರೋಪಿಗೆ ಹೋಗುವ ಕಾಫಿಗೆ ತೋಟದ ಗುರುತು ಮಾಡುವುದು ಹೇಗೆ

ನಮ್ಮ ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿಯಲ್ಲಿ ದೊಡ್ಡ ಪಾಲು ಕೊನೆಗೆ ಸೇರುವುದು ಇಟಲಿ, ಜರ್ಮನಿಗೆ. ಅಲ್ಲಿನ ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಅದಕ್ಕೇ ಕಾಫಿ ಯಾವ ತೋಟದ್ದು ಅಂತ ಜಿಪಿಎಸ್ ಗುರುತು ಕೊಡಬೇಕು. ಕಾನೂನು ಜಾರಿಯಾಗುವ ದಿನ ಎರಡು ಸಲ ಮುಂದಕ್ಕೆ ಹೋಗಿ, ಈಗ 2026ರ ಡಿಸೆಂಬರ್ 30 ಅಂತ ಆಗಿದೆ. ಸಣ್ಣವರಿಗೆ 2027ರ ಜೂನ್ ತನಕ ಟೈಮ್ ಇದೆ ಅಂತ ಕೆಲವರು ಸುಮ್ಮನಿದ್ದಾರೆ. ಆ ಸಣ್ಣವರು ಅಂದರೆ ಅಲ್ಲಿ ಮಾಲು ಇಳಿಸಿಕೊಳ್ಳುವ ಸಣ್ಣ ವ್ಯಾಪಾರಿಗಳು, ನಾವಲ್ಲ.

2026ರ ಜನವರಿಯಲ್ಲಿ ಭಾರತ–ಯುರೋಪ್ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಯಿತಲ್ಲ, ಇನ್ನು ಇದೆಲ್ಲ ಬೇಡ್ವಾ ಅಂತ ಕೇಳುವವರಿದ್ದಾರೆ. ಬೇಕು. ಹುರಿಯದ ಬೀಜಕ್ಕೆ ಅಲ್ಲಿ ಸುಂಕ ಮೊದಲೇ ಸೊನ್ನೆ. ನಮ್ಮನ್ನು ಬಾಗಿಲಲ್ಲಿ ನಿಲ್ಲಿಸುವುದು ಸುಂಕ ಅಲ್ಲ, ದಾಖಲೆ.

ಮೊದಲು ಪಹಣಿ ತೆಗೆದು ನೋಡಿ. ತೋಟ ಎಷ್ಟು ತುಂಡಾಗಿದೆ, ಯಾವ ಸರ್ವೆ ನಂಬರ್, ಪೋಡಿ (ನಿಮ್ಮ ಪಾಲು ಅಳೆದು ಬೇರೆ ಮಾಡುವುದು) ಆಗಿದೆಯಾ ಅಂತ ಬರೆದಿಟ್ಟುಕೊಳ್ಳಿ. ಒಂದು ತುಂಡು 4 ಹೆಕ್ಟೇರ್, ಅಂದರೆ ಸುಮಾರು 9 ಎಕರೆ 35 ಗುಂಟೆಗಿಂತ ಕಡಿಮೆ ಇದ್ದರೆ ಒಂದೇ ಒಂದು ಜಿಪಿಎಸ್ ಗುರುತು ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಬೇಲಿ ಸುತ್ತ ನಡೆದು ಪೂರ್ತಿ ಗಡಿ ಗುರುತಿಸಬೇಕು.

ಗುರುತು ತೆಗೆಯುವಾಗ ಅವಸರ ಮಾಡಬೇಡಿ. ದಟ್ಟ ನೆರಳಿನ ಕೆಳಗೆ ಮೊಬೈಲ್ ಜಿಪಿಎಸ್ ಅತ್ತಿತ್ತ ಜಿಗಿಯುತ್ತದೆ. ನಾನು ಮೊದಲ ಸಲ ಅತ್ತಿಮರದ ಬುಡದಲ್ಲಿ ನಿಂತು ತೆಗೆದಿದ್ದು, ಮನೆಗೆ ಬಂದು ನೋಡಿದರೆ ಗುರುತು ಪಕ್ಕದವರ ಗದ್ದೆಯಲ್ಲಿ ಕೂತಿತ್ತು. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಆದ ಮೇಲೆ, ಸ್ವಲ್ಪ ಬಯಲಿರುವ ಕಡೆ ಐದು ನಿಮಿಷ ನಿಂತು ತೆಗೆಯಿರಿ. ಗುರುತು ಅಂದರೆ ಎರಡು ಸಂಖ್ಯೆ, ಅಕ್ಷಾಂಶ ಮತ್ತು ರೇಖಾಂಶ. ಎರಡರಲ್ಲೂ ಚುಕ್ಕಿಯ ನಂತರ ಆರು ಅಂಕಿ ಇರಬೇಕು. ನಮ್ಮ ಕಡೆ ಮೊದಲ ಸಂಖ್ಯೆ 12 ಅಥವಾ 13ರಿಂದ ಶುರುವಾಗುತ್ತದೆ, ಎರಡನೆಯದು 75ರಿಂದ. ಇದನ್ನು ತಿರುಗಾಮುರುಗಾ ಬರೆದರೆ ನಿಮ್ಮ ತೋಟ ಉತ್ತರ ಧ್ರುವದ ಹತ್ತಿರದ ಸಮುದ್ರಕ್ಕೆ ಹೋಗಿ ಬೀಳುತ್ತದೆ, ಕಂಪ್ಯೂಟರ್ ಅದನ್ನು ತಳ್ಳಿಹಾಕುತ್ತದೆ.

ಈಗ ಮುಖ್ಯ ವಿಷಯ. ಬ್ರೆಜಿಲ್‌ನ ಬಟಾಬಯಲು ತೋಟ ಉಪಗ್ರಹದ ಚಿತ್ರದಲ್ಲಿ ತೋಟದ ಹಾಗೇ ಕಾಣುತ್ತದೆ. ನಮ್ಮದು ಮೇಲಿಂದ ನೋಡಿದರೆ ಕಾಡು! ನೆರಳು ಉಳಿಸಿಕೊಂಡವರ ಮೇಲೇ, ಕಾಡು ಕಡಿದು ಕಾಫಿ ಹಾಕಿದ್ದಾರೆ ಅಂತ ಅನುಮಾನ ಬರುವುದು ನನಗೆ ನಿಜಕ್ಕೂ ಬೇಸರದ ವಿಷಯ. ಮರದ ನೆರಳಲ್ಲಿ ಬೆಳೆ ಇರುವ ಜಾಗ ಕೃಷಿ ಜಮೀನು, ಕಾಡಲ್ಲ ಅಂತ ಆ ಕಾನೂನಿನಲ್ಲೇ ಇದೆ. ಆದರೆ 2020 ಮುಗಿಯುವ ಮೊದಲೇ ಅಲ್ಲಿ ಕಾಫಿ ಇತ್ತು ಅಂತ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ವಾ? ಬೆಳೆ ಕಾಲಂನಲ್ಲಿ ಕಾಫಿ ಅಂತ ಇರುವ ಹಳೆ ಪಹಣಿ, ಕ್ಯೂರಿಂಗ್‌ನವರು (ಕಾಫಿ ಸಿಪ್ಪೆ ಬಿಡಿಸಿ ಬೀಜ ಮಾಡುವವರು) ಕೊಟ್ಟ ಔಟ್‌ಟರ್ನ್ ಚೀಟಿ, ಅಂದರೆ ಎಷ್ಟು ಬೀಜ ಬಂತು ಅನ್ನುವ ಲೆಕ್ಕ, ಗೊಬ್ಬರದ ಬಿಲ್, ಬೆಳೆಸಾಲದ ಕಾಗದ, ಯಾವುದನ್ನೂ ಎಸೆಯಬೇಡಿ. ಫೋಟೋ ತೆಗೆದು ಇಡಿ. ನಮ್ಮ ಮನೆಯಲ್ಲಿ ಹತ್ತು ವರ್ಷದ ಚೀಟಿಗಳು ಬಚ್ಚಲ ಒಲೆಗೆ ಹೋಗಿದ್ದವು, ಉಳಿದಿದ್ದು ಬೀರುವಿನ ಹಾಳೆಯ ಕೆಳಗೆ ಸಿಕ್ಕ ಎರಡೇ.

ಕಾಫಿ ಬೋರ್ಡಿನಲ್ಲಿ ನೋಂದಣಿ ನಡೆಯುತ್ತಿದೆ. ಪಹಣಿ, ಆಧಾರ್, ಈ ಗುರುತು ಹಿಡಿದುಕೊಂಡು ಬೋರ್ಡಿನ ಹತ್ತಿರದ ಲೈಸನ್ ಆಫೀಸಿಗೆ (ಸಂಪರ್ಕ ಕಚೇರಿಗೆ) ಹೋಗಿ. 2025ರಲ್ಲಿ ಯುರೋಪಿನವರು ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದ್ದಾರೆ. ಇದರಿಂದ ತಪಾಸಣೆ ಹಗುರ, ಆದರೆ ಗುರುತು ಕೊಡುವುದು ತಪ್ಪುವುದಿಲ್ಲ.

ಮಾರುವಾಗ ಇನ್ನೊಂದು ಎಚ್ಚರ. ಗುರುತಿಲ್ಲದ ಮಾಲನ್ನು ಗುರುತಿರುವ ಮಾಲಿನ ಜೊತೆ ಬೆರೆಸಿದರೆ ಇಡೀ ಲಾಟ್ ಕೆಡುತ್ತದೆ. ವ್ಯಾಪಾರಿಗೆ ಕೊಡುವ ಮುಂಚೆ, ನನ್ನ ಚೀಲ ಬೇರೆ ಇಡ್ತೀರಾ ಅಂತ ಬಾಯಿ ಬಿಟ್ಟು ಕೇಳಿ, ಬಿಲ್ಲಿನಲ್ಲಿ ಸರ್ವೆ ನಂಬರ್ ಬರೆಸಿ. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ಎಕರೆಯವರು ಇಷ್ಟೆಲ್ಲ ಓಡಾಡಿ ದಾಖಲೆ ಮಾಡಿಕೊಟ್ಟ ಮೇಲೆ ಚೀಲಕ್ಕೆ ನಾಲ್ಕು ಕಾಸು ಜಾಸ್ತಿ ಕೇಳುವುದು ನ್ಯಾಯವೇ, ಸಂಕೋಚ ಬೇಡ, ರೇಟು ಮಾತಾಡುವಾಗಲೇ ಕೇಳಿ.