‘ಬಿಪಿ ಬಾರ್ಡರ್‌ನಲ್ಲಿದೆ, ನೋಡ್ಕೊಳ್ಳಿ’ ಅಂದರೆ ಏನು ನೋಡಿಕೊಳ್ಳಬೇಕು?

ರಕ್ತದಾನ ಮಾಡೋಣ ಅಂತ ಹೋಗಿದ್ದೆ. ಅಲ್ಲಿದ್ದ ನರ್ಸ್ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಚೀಟಿಯಲ್ಲಿ 136/88 ಅಂತ ಬರೆದರು. “ಬಿಪಿ ಬಾರ್ಡರ್‌ನಲ್ಲಿದೆ ಮೇಡಂ, ಸ್ವಲ್ಪ ನೋಡ್ಕೊಳ್ಳಿ” ಅಂದರು. ರಕ್ತ ತೆಗೆದುಕೊಂಡರು, ಬಿಸ್ಕೆಟ್ ಕೊಟ್ಟರು, ಕಳಿಸಿದರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ನೋಡ್ಕೊಳ್ಳಿ ಅಂದರಲ್ಲ, ಏನನ್ನ ನೋಡ್ಕೊಳ್ಳೋದು?

ನನಗೆ 47. ಅಕೌಂಟ್ಸ್ ಕೆಲಸ, ಬೆಳಗ್ಗೆಯಿಂದ ಸಂಜೆವರೆಗೆ ಕುರ್ಚಿ. ತಲೆನೋವಿಲ್ಲ, ತಲೆಸುತ್ತಿಲ್ಲ, ಸುಸ್ತಿಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬರದ ಜಾತಿ ನನ್ನದು. ಹಾಗಾಗಿ ಬಿಪಿಗೂ ಒಂದು ಲೆಕ್ಕದ ಪುಸ್ತಕ ಇಟ್ಟೆ. ಎಂಟು ತಿಂಗಳಲ್ಲಿ ಆ ಪುಸ್ತಕ ಕಲಿಸಿದ್ದನ್ನ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆ ಶುರು ಮಾಡುವುದು, ಬಿಡುವುದು ನನ್ನ ಮಾತು ಕೇಳಿ ಮಾಡಬೇಡಿ.

ಬಾರ್ಡರ್ ಎಲ್ಲಿಂದ ಎಲ್ಲಿಗೆ

ಮೇಲಿನ ನಂಬರ್ ಅಂದರೆ ಹೃದಯ ಹಿಂಡಿದಾಗ ರಕ್ತನಾಳದಲ್ಲಿರುವ ಒತ್ತಡ. ಕೆಳಗಿನದ್ದು, ಎರಡು ಬಡಿತಗಳ ನಡುವೆ ಹೃದಯ ಸಡಿಲವಾದಾಗಿನದ್ದು. 2003ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಮೇಲಿನದ್ದು 120ರಿಂದ 139, ಇಲ್ಲವೇ ಕೆಳಗಿನದ್ದು 80ರಿಂದ 89 ಇದ್ದರೆ ಅದಕ್ಕೆ ಪ್ರಿಹೈಪರ್‌ಟೆನ್ಷನ್ ಅಂತ ಹೆಸರಿಟ್ಟಿತು, ಅಂದರೆ 140/90ರಿಂದ ಶುರುವಾಗುವ ಪೂರ್ತಿ ಬಿಪಿಗೆ ಮುಂಚಿನ ಹಂತ. ‘ಇಲ್ಲವೇ’ ಅನ್ನೋದನ್ನ ಗಮನಿಸಿ. 118/84 ಬಂದರೂ ನೀವು ಆ ಗುಂಪಿನವರೇ.

2017ರಲ್ಲಿ ಅಮೆರಿಕದವರೇ ಆ ಹೆಸರು ಕೈಬಿಟ್ಟರು. 130/80 ದಾಟಿದರೆ ಬಿಪಿಯ ಮೊದಲ ಹಂತ ಅಂತಲೇ ಕರೆದರು. 2024ರಲ್ಲಿ ಯುರೋಪಿನ ಹೃದಯ ತಜ್ಞರು 120/70ರಿಂದ 139/89ರವರೆಗಿನದ್ದಕ್ಕೆ ‘ಏರಿದ ಬಿಪಿ’ ಅಂದರು. ಒಂದೇ 134/84ಕ್ಕೆ ಮೂರು ಹೆಸರು! ಡಾಕ್ಟರಿಂದ ಡಾಕ್ಟರಿಗೆ ಮಾತು ಬದಲಾದರೆ ಗಾಬರಿಯಾಗಬೇಡಿ, ಗೆರೆ ಎಳೆದವರು ಬೇರೆ ಬೇರೆ, ಅಷ್ಟೇ.

ಎಷ್ಟು ಜನ ಇದ್ದಾರೆ ಇಲ್ಲಿ?

ತುಂಬಾ ಜನ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನ ಒಟ್ಟು ಹಾಕಿದರೆ, 2003ರ ಗೆರೆಯ ಪ್ರಕಾರ, ದೊಡ್ಡವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಅಮೆರಿಕದಲ್ಲಿ 1999–2000ರಲ್ಲಿ ಮಾಡಿದ ಸಮೀಕ್ಷೆಯಲ್ಲಿ 100ಕ್ಕೆ 31 ಜನ ಸಿಕ್ಕರು. ಗಂಡಸರಲ್ಲಿ 39, ಹೆಂಗಸರಲ್ಲಿ 23. ಆ 23 ನೋಡಿ ನಾನು ಸ್ವಲ್ಪ ಹಿಗ್ಗಿದ್ದೆ. ಆಮೇಲೆ ಗೊತ್ತಾಯಿತು, ಮುಟ್ಟು ನಿಂತ ಮೇಲೆ ಹೆಂಗಸರ ಬಿಪಿ ಏರಿ ಗಂಡಸರ ಸಮಕ್ಕೆ ಬರುತ್ತದೆ, ಕೆಲವೊಮ್ಮೆ ದಾಟುತ್ತದೆ ಅಂತ.

ಇನ್ನೊಂದು ಮೋಸದ ಲೆಕ್ಕ ಇದೆ. ವಯಸ್ಸಾದವರಲ್ಲಿ ಬಾರ್ಡರ್‌ನವರು ಕಡಿಮೆ ಕಾಣಿಸುತ್ತಾರೆ. ವಾಸಿಯಾಗಿ ಹೋದರು ಅಂತಲ್ಲ. ಬಾರ್ಡರ್ ದಾಟಿ ಪೂರ್ತಿ ಬಿಪಿಯ ಖಾತೆಗೆ ವರ್ಗವಾಗಿರುತ್ತಾರೆ.

ಆ ವರ್ಗಾವಣೆ ಎಷ್ಟು ಬೇಗ ಆಗುತ್ತದೆ? ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಜನರನ್ನ 1948ರಿಂದ ತಲೆಮಾರುಗಟ್ಟಲೆ ಪರೀಕ್ಷಿಸುತ್ತಾ ಬಂದಿದ್ದಾರೆ. ಅಲ್ಲಿ 65 ವರ್ಷದ ಒಳಗಿನವರಲ್ಲಿ, ಬಿಪಿ 120/80ರ ಕೆಳಗಿದ್ದವರ ಪೈಕಿ ನಾಲ್ಕು ವರ್ಷದಲ್ಲಿ ಪೂರ್ತಿ ಬಿಪಿಗೆ ಹೋದವರು 100ಕ್ಕೆ 5. ಬಾರ್ಡರ್‌ನ ಕೆಳಗಿನ ಅರ್ಧದವರಲ್ಲಿ, ಅಂದರೆ 120–129 ಇಲ್ಲವೇ 80–84 ಇದ್ದವರಲ್ಲಿ, ಸುಮಾರು 18. ಮೇಲಿನ ಅರ್ಧದವರಲ್ಲಿ 37. 65 ದಾಟಿದವರಲ್ಲಿ ಆ ಮೇಲಿನ ಅರ್ಧದ ಲೆಕ್ಕ 50ರ ಹತ್ತಿರ. ನನ್ನ 136/88 ಯಾವ ಅರ್ಧದಲ್ಲಿ ಬಿತ್ತು ಅಂತ ಹೇಳಬೇಕಿಲ್ಲ.

ಬಾರ್ಡರ್‌ನಲ್ಲಿದ್ದರೆ ಏನೂ ಆಗಲ್ಲ ಅನ್ನೋದೂ ತಪ್ಪು. 40ರಿಂದ 69 ವಯಸ್ಸಿನವರಲ್ಲಿ, 115/75ರಿಂದ ಶುರುವಾಗಿ ಮೇಲಿನದ್ದು 20 ಇಲ್ಲವೇ ಕೆಳಗಿನದ್ದು 10 ಏರಿದ ಹಾಗೆಲ್ಲ ಪಾರ್ಶ್ವವಾಯು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. 140ಕ್ಕೆ ಗಂಟೆ ಬಾರಿಸಿ ಶುರುವಾಗುವ ವಿಷಯ ಅಲ್ಲ ಇದು.

ಮೊದಲು ನಂಬರ್ ಸರಿ ಮಾಡಿಕೊಳ್ಳಿ

ಮನೆಗೆ ತೋಳಿನ ಬಿಪಿ ಮೆಷಿನ್ ತಂದೆವು. ಮಣಿಕಟ್ಟಿನದ್ದು ಬೇಡ, ಕೈ ಸ್ವಲ್ಪ ಆಚೀಚೆಯಾದರೂ ಅದು ಲೆಕ್ಕ ತಪ್ಪುತ್ತದೆ. ಮೊದಲ ದಿನ ಸೋಫಾ ಮೇಲೆ ಕೂತು, ಕೈ ತೊಡೆ ಮೇಲಿಟ್ಟು ಒತ್ತಿದೆ. 143. ಎದೆ ಧಸಕ್ ಅಂತು. ಗಂಡ ಬಂದು ನೋಡಿ, “ನಿನ್ ಕೈ ಕೆಳಗಿದೆ ನೋಡು, ಟೇಬಲ್ ಮೇಲಿಡು” ಅಂದರು. ಊಟದ ಟೇಬಲ್ಲಿಗೆ ಹೋಗಿ, ಎರಡು ದಪ್ಪ ಪುಸ್ತಕ ಪೇರಿಸಿ, ಅದರ ಮೇಲೆ ಕೈ ಇಟ್ಟು, ಐದು ನಿಮಿಷ ಬಿಟ್ಟು ಮತ್ತೆ ಒತ್ತಿದೆ. 132.

ಇದರಲ್ಲಿ ಮಾಯೆ ಏನೂ ಇಲ್ಲ. ಪಟ್ಟಿ ಹೃದಯಕ್ಕಿಂತ ಕೆಳಗಿದ್ದರೆ ನಡುವಿನ ರಕ್ತದ ಭಾರವೂ ಸೇರಿಕೊಳ್ಳುತ್ತದೆ. ಒಂದು ಸೆಂಟಿಮೀಟರ್ ಕೆಳಗೆ ಹೋದರೆ ಮುಕ್ಕಾಲು ಪಾಯಿಂಟ್‌ನಷ್ಟು ಜಾಸ್ತಿ. ಹದಿನೈದು ಸೆಂಟಿಮೀಟರ್ ಕೆಳಗಿಟ್ಟರೆ ಹನ್ನೊಂದು ಪಾಯಿಂಟ್ ಸುಮ್ನೆ ಬಂದುಬಿಡುತ್ತದೆ. ಬಾರ್ಡರ್‌ನವರಿಗೆ ಹನ್ನೊಂದು ಅಂದರೆ ಕಡಿಮೆಯೇನಲ್ಲ!

ಈಗ ನಾನು ಮಾಡುವುದು ಹೀಗೆ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಮೂತ್ರ ಕಟ್ಟಿಕೊಂಡು ಕೂರುವಂತಿಲ್ಲ. ಬೆನ್ನಿಗೆ ಆಸರೆ, ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕುವಂತಿಲ್ಲ. ಪಟ್ಟಿ ಬರಿ ತೋಳಿನ ಮೇಲೆ, ಎದೆಯ ಮಟ್ಟಕ್ಕೆ. ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ಗುಂಡಿ ಒತ್ತುವುದು. ಮಾತಿಲ್ಲ, ಫೋನ್ ಇಲ್ಲ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಎರಡನ್ನೂ ಬರೆಯುತ್ತೇನೆ, ಚೆನ್ನಾಗಿ ಬಂದದ್ದನ್ನ ಮಾತ್ರ ಬರೆಯುವ ಆಸೆ ಆಗುತ್ತದೆ, ಆ ಆಸೆಗೆ ಬಗ್ಗಬಾರದು. ಬೆಳಗ್ಗೆ ಎರಡು, ಸಂಜೆ ಎರಡು, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆದರೆ ಅದು ನಿಮ್ಮ ಬಿಪಿ. ಆಮೇಲೆ ದಿನಾ ನೋಡುವುದು ಬೇಡ. ನೋಡಿ ನೋಡಿಯೇ ಏರಿಸಿಕೊಂಡವರು ನನಗೆ ಗೊತ್ತು.

ಪಟ್ಟಿಯ ಅಳತೆಯನ್ನೂ ನೋಡಿ. ನಮ್ಮಣ್ಣ ದಪ್ಪ ತೋಳಿನವನು, ನನ್ನ ಮೆಷಿನ್‌ನಲ್ಲಿ 150ರ ಮೇಲೆ ತೋರಿಸಿ ಹೆದರಿಕೊಂಡ. ಭುಜಕ್ಕೂ ಮೊಣಕೈಗೂ ನಡುಮಧ್ಯೆ ಟೇಪು ಹಿಡಿದರೆ 36 ಸೆಂಟಿಮೀಟರ್. ಪಟ್ಟಿಯ ಮೇಲೆ 22–32 ಅಂತ ಅಚ್ಚಾಗಿತ್ತು. ಚಿಕ್ಕ ಪಟ್ಟಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ಹಾಕಿದ ಮೇಲೆ 138 ಬಂತು. ಅವನೂ ನನ್ನ ಸಾಲಿಗೇ ಸೇರಿದ.

ಏರಿಸುತ್ತಿರುವುದು ಯಾವುದು?

ಪುಸ್ತಕದ ಎಡಪುಟದಲ್ಲಿ ನಂಬರ್, ಬಲಪುಟದಲ್ಲಿ ಆ ದಿನದ ಸಂಗತಿ. ನಿದ್ದೆ ಎಷ್ಟು ಗಂಟೆ, ನಡೆದೆನೋ ಇಲ್ಲವೋ, ಯಾವ ಮಾತ್ರೆ ತಿಂದೆ, ಹೊರಗೆ ಊಟವಾ. ಇದನ್ನಂತೂ ಮಾಡಿ. ನಂಬರ್ ಮಾತ್ರ ಬರೆದರೆ ಏನೂ ತಿಳಿಯುವುದಿಲ್ಲ.

ವಯಸ್ಸು, ಅಪ್ಪ ಅಮ್ಮನಿಂದ ಬಂದದ್ದು, ಇವನ್ನ ಬದಲಿಸಲಾಗದು. ನಮ್ಮಮ್ಮನಿಗೆ 50ಕ್ಕೇ ಬಿಪಿ ಮಾತ್ರೆ ಶುರುವಾಗಿತ್ತು. ಅದನ್ನ ಮೊದಲ ಪುಟದಲ್ಲಿ ಬರೆದು ಮುಂದೆ ಹೋದೆ.

ನನ್ನ ಪುಸ್ತಕದಲ್ಲಿ ಮೊದಲು ಸಿಕ್ಕಿಬಿದ್ದದ್ದು ನೋವಿನ ಮಾತ್ರೆ. ಕುತ್ತಿಗೆ ನೋವಿಗೆ ಎರಡು ವಾರ ಐಬುಪ್ರೊಫೆನ್ ತಿಂದಿದ್ದೆ. ಆ ಎರಡು ವಾರದ ಸರಾಸರಿ ಹಿಂದಿನದ್ದಕ್ಕಿಂತ ಆರು ಪಾಯಿಂಟ್ ಮೇಲೆ. ಡಾಕ್ಟರನ್ನ ಕೇಳಿದೆ. ಈ ಜಾತಿಯ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರು ನಿಲ್ಲುವ ಹಾಗೆ ಮಾಡುತ್ತವೆ ಅಂತ ಹೇಳಿ, ನೋವಿಗೆ ಬೇರೆ ದಾರಿ ತೋರಿಸಿದರು. ಡೈಕ್ಲೋಫೆನಾಕ್ ಕೂಡ ಇದೇ ಗುಂಪಿನದ್ದು. ಮೂಗು ಕಟ್ಟಿದಾಗ ತಿನ್ನುವ ಕೆಲವು ಶೀತದ ಮಾತ್ರೆ, ಸ್ಟೀರಾಯ್ಡ್, ಗರ್ಭನಿರೋಧಕ ಮಾತ್ರೆಗಳೂ ಬಿಪಿ ಏರಿಸಬಲ್ಲವು. ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿ ತಿನ್ನುವ ಎಲ್ಲ ಮಾತ್ರೆಯ ಪಟ್ಟಿ ಒಯ್ಯಿರಿ.

ಎರಡನೆಯದ್ದು ಉಪ್ಪು. ನಾವು ಉಪ್ಪು ಕಡಿಮೆ ತಿನ್ನೋರು ಅಂತ ಪ್ರತಿ ಮನೆಯವರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಅಳೆಯುವ ಸುಲಭ ದಾರಿ ಇದೆ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ನಮ್ಮ ಒಂದು ಕಿಲೋ ಪ್ಯಾಕೆಟ್ 23 ದಿನಕ್ಕೆ ಖಾಲಿ. ಮನೆಯಲ್ಲಿ ನಾಲ್ಕು ಜನ. 1000 ಗ್ರಾಂ ಅನ್ನು 92ರಿಂದ ಭಾಗಿಸಿದರೆ ತಲೆಗೆ ದಿನಕ್ಕೆ 11 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ, ಒಂದು ಟೀ ಚಮಚಕ್ಕಿಂತ ಕಡಿಮೆ. ಜಗತ್ತಿನ ಸರಾಸರಿಯೂ ನಮ್ಮಷ್ಟೇ ಇದೆಯಂತೆ, ಸಮಾಧಾನಪಡುವ ಹಾಗೇನಿಲ್ಲ. ಇದರಲ್ಲಿ ಚೆಲ್ಲಿದ್ದು, ಬಸಿದ ನೀರಲ್ಲಿ ಹೋದದ್ದು ಸ್ವಲ್ಪ ಕಳೆಯಿರಿ. ಆದರೆ ಬ್ರೆಡ್, ಸಾಸ್, ಪ್ಯಾಕೆಟ್ ತಿಂಡಿ, ಹೊರಗಿನ ಊಟದ ಉಪ್ಪು ಈ ಲೆಕ್ಕಕ್ಕೆ ಸೇರಿಲ್ಲ, ಅದನ್ನ ಕೂಡಿಸಿ. ಅಲ್ಲಿಗೆ ಸರಿಹೋಯಿತು, ಅಲ್ವಾ?

ಒಮ್ಮೆಲೇ ಅರ್ಧ ಮಾಡಿದರೆ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ. ಹಾಕುವ ಚಮಚ ಬದಲಿಸಿ ಚಿಕ್ಕದು ಇಟ್ಟೆ, ಟೇಬಲ್ ಮೇಲಿನ ಉಪ್ಪಿನ ಡಬ್ಬಿ ತೆಗೆದೆ. ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಂಡಿತು. ಸೋಡಿಯಂ ಕಡಿಮೆ ಇರುವ ಉಪ್ಪು ತರುವ ಮುಂಚೆ ಕೇಳಿ ತನ್ನಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತಿನ್ನುವವರಿಗೆ ಅದು ಅಪಾಯ. ಹಣ್ಣು, ತರಕಾರಿಯಲ್ಲಿ ಬರುವ ಪೊಟ್ಯಾಸಿಯಂ ಮಾತ್ರ ಕಿಡ್ನಿ ಸರಿಯಿದ್ದವರಿಗೆ ಬಿಪಿ ಇಳಿಸಲು ಸಹಾಯ ಮಾಡುತ್ತದೆ.

ತೂಕದ ಲೆಕ್ಕ ಸರಳ, ಪಾಲಿಸುವುದು ಕಷ್ಟ. ಒಂದು ಕಿಲೋ ಇಳಿದರೆ ಸುಮಾರು ಒಂದು ಪಾಯಿಂಟ್ ಇಳಿಯುತ್ತದೆ. ಸೊಂಟದ ಸುತ್ತಿನ ಬೊಜ್ಜು, ಸಕ್ಕರೆ ಕಾಯಿಲೆ, ಕುಡಿತ, ಕೂತೇ ಇರುವುದು, ಎಲ್ಲವೂ ಒಂದೇ ದಿಕ್ಕಿಗೆ ತಳ್ಳುತ್ತವೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಅನ್ನುತ್ತಾರೆ. ನಾನು 110ರವರೆಗೆ ಬಂದಿದ್ದೇನೆ, ಸುಳ್ಳು ಯಾಕೆ.

ನಿದ್ದೆಯ ಸಾಲು ನನಗೆ ಆಶ್ಚರ್ಯ ತಂದಿತು. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸಲು ಐದು ಗಂಟೆ ಮಲಗಿದ ವಾರಗಳಲ್ಲಿ ಬೆಳಗಿನ ನಂಬರ್ ಪ್ರತಿ ಸಲವೂ ಮೇಲೆ. ಇನ್ನು ಜೋರಾಗಿ ಗೊರಕೆ ಹೊಡೆಯುತ್ತಾ, ನಡುವೆ ಉಸಿರು ನಿಂತು, ತಟ್ಟನೆ ಎಳೆದುಕೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ಅದನ್ನ ನಗೆಚಾಟಿಕೆ ಮಾಡಬೇಡಿ. ಅದು ಸ್ಲೀಪ್ ಅಪ್ನಿಯಾ ಇರಬಹುದು. ಬಿಪಿ ಏರಿಸುವ, ಆದರೆ ಯಾರೂ ಹುಡುಕದ ಕಾರಣ ಅದು. ತೋರಿಸಿಕೊಳ್ಳಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೂರು ನಾಲ್ಕು ವಾರ ಬಿಟ್ಟು ಮತ್ತೆ ಏಳು ದಿನ ಅಳೆಯಿರಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತೇ ಆಗುವುದಿಲ್ಲ.

ಕಾಯದೆ ಹೋಗಬೇಕಾದ್ದು

ಮನೆಯಲ್ಲಿ ತೆಗೆದ ವಾರದ ಸರಾಸರಿ 135/85 ಮುಟ್ಟಿದರೆ ಅದು ಆಸ್ಪತ್ರೆಯ 140/90ಕ್ಕೆ ಸಮ. ಪುಸ್ತಕ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ಅಷ್ಟರವರೆಗೂ ಕಾಯಬೇಡಿ. 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಒಂದು ಪಕ್ಕ ಬಲಹೀನ, ಮಾತು ತೊದಲುವುದು ಇದ್ದರೆ ಎರಡನೇ ಸಲ ಅಳೆಯುತ್ತಾ ಕೂರಬೇಡಿ, ಆಂಬ್ಯುಲೆನ್ಸ್ ಕರೆಯಿರಿ.

ನನ್ನ ಡಾಕ್ಟರ್ ಪುಸ್ತಕವನ್ನ ಒಂದು ನಿಮಿಷ ತಿರುವಿ ಹಾಕಿದರು. ಹೋದ ವಾರದ ಸರಾಸರಿ 126/81. ಮಾತ್ರೆ ಬೇಡ, ಆರು ತಿಂಗಳಿಗೆ ಮತ್ತೆ ತನ್ನಿ ಅಂದರು. ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ಒಡೆದು ಇವತ್ತಿಗೆ 31 ದಿನ, ಇನ್ನೂ ಕಾಲು ಭಾಗ ಉಳಿದಿದೆ.