ರಾಂಪತ್ರೆಯ ಒಂದು ಹಾಳೆ

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳಲ್ಲಿ, ಅಂದರೆ ಜಾಯಿಕಾಯಿಯ ಬಳಗದ ಮರಗಳು ಬೆಳೆಯುವ ಜೌಗು ಕಾಡಿನಲ್ಲಿ, ಮರಗಳ ಚಿತ್ರ ಬರೆಯುವ ಕೆಲಸವನ್ನು ಒಪ್ಪಿಕೊಂಡಾಗ, ಕಲಾಶಾಲೆಯಲ್ಲಿ ಕಲಿತ ಜಲವರ್ಣದ ಕೌಶಲವೊಂದೇ ಸಾಕಾಗುತ್ತದೆ ಎಂದು ನಾನು ಭಾವಿಸಿದ್ದೆ. 2000ದಲ್ಲಿ ಹೊಸ ಪ್ರಭೇದವೆಂದು ಗುರುತಿಸಲಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರಕ್ಕೆ ಹೆಸರು ಬಂದದ್ದು ಇದೇ ಕಾನಿನಿಂದ ಎಂಬುದೂ ಆಗ ನನಗೆ ತಿಳಿದಿರಲಿಲ್ಲ.

ಮೊದಲ ಹಾಳೆಗೆ ಆರಿಸಿಕೊಂಡದ್ದು ರಾಂಪತ್ರೆಯನ್ನು. ಹೂವಿನ ಕಾಲಕ್ಕೂ ಕಾಯಿ ಬಿರಿಯುವ ಕಾಲಕ್ಕೂ ತಿಂಗಳುಗಳ ಅಂತರವಿರುವುದರಿಂದ ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯಲಾಗದು. ಚಿತ್ರಕ್ಕೆ ಆ ಅಡ್ಡಿಯಿಲ್ಲ. ಹೂಗೊಂಚಲನ್ನು ಭೂತಗನ್ನಡಿಯಡಿ ನೋಡಿ ಬರೆದಿಟ್ಟುಕೊಂಡು, ಮಳೆಗಾಲದ ಹೊತ್ತಿಗೆ ಸಿಕ್ಕ ಕಾಯಿಯನ್ನು ಅದೇ ರೆಂಬೆಗೆ ಜೋಡಿಸಿದೆ. ಬೀಜವನ್ನು ಬೆರಳುಗಳಂತೆ ತಬ್ಬಿಕೊಂಡಿರುವ ಪತ್ರೆ ಎಂಬ ಹೊದಿಕೆ ಒಣಗುತ್ತಿದ್ದಂತೆ ಮಂಕಾಗುವುದರಿಂದ, ಅದರ ಬಣ್ಣವನ್ನು ಅಲ್ಲಿಯೇ ಕಲಸಿ ಪುಸ್ತಕದ ಅಂಚಿಗೆ ಹಚ್ಚಿಕೊಂಡಿದ್ದೆ. ಹಾಳೆ ಚೆನ್ನಾಗಿ ಬಂದಿದೆ ಎಂಬ ಹೆಮ್ಮೆಯೂ ಇತ್ತು.

ಅದನ್ನು ರಾಂಪತ್ರೆ ಕೊಯ್ಯುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಹಾಳೆಯನ್ನು ತುಸು ದೂರ ಹಿಡಿದು ನೋಡಿ, “ಗಂಡು ಮರಕ್ಕೆ ಕಾಯಿ ಎಲ್ಲಿಂದ ಬಂತು ತಮ್ಮಾ?” ಎಂದರು.

ರಾಂಪತ್ರೆಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆ ಮರಗಳಲ್ಲಿ ಬಿಡುತ್ತವೆ. ನಾನು ಅಷ್ಟು ಆಸ್ಥೆಯಿಂದ ಬರೆದಿದ್ದ ಹೂವಿನೊಳಗೆ ಕೇಸರಗಳು ಕೂಡಿಕೊಂಡು ಒಂದು ಕಂಬದಂತಾಗಿದ್ದವು, ಅಂದರೆ ಅದು ಗಂಡು ಹೂವೇ. ಕಣ್ಣು ಕಂಡದ್ದನ್ನು ಕೈ ತಪ್ಪಿಲ್ಲದೆ ಬರೆದಿತ್ತು. ಹಾಳೆಯ ಅಂದಕ್ಕಾಗಿ ನಾನು ಮಾಡಿದ ಜೋಡಣೆ ಮಾತ್ರ ಕಾಡಿನಲ್ಲಿ ಎಲ್ಲಿಯೂ ಇಲ್ಲದ ಮರವೊಂದನ್ನು ಸೃಷ್ಟಿಸಿತ್ತು. ಅಂದಿನಿಂದ ಪ್ರತಿ ರೆಂಬೆಯನ್ನು ಯಾವ ಮರದಿಂದ, ಯಾವ ದಿನ ತಂದೆನೆಂದು ಅದಕ್ಕೆ ಚೀಟಿ ಕಟ್ಟಿದ ನಂತರವೇ ಪೆನ್ಸಿಲ್ ಹಿಡಿಯುತ್ತೇನೆ.

ಬೇರುಗಳು ಇನ್ನೊಂದು ಬಗೆಯ ಪಾಠ ಕಲಿಸಿದವು. ರಾಂಪತ್ರೆಯದೇ ಬಳಗಕ್ಕೆ ಸೇರಿದ, ಜಡ್ಡಿಯ ಜಿಮ್ನಾಕ್ರಾಂತೆರಾ ಮರದ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮಂಡಿಯಂತೆ ಬಾಗಿ, ಮತ್ತೆ ಕೆಸರಿಗಿಳಿಯುತ್ತದೆ. ಸಸ್ಯಚಿತ್ರದ ರೂಢಿಯಂತೆ ಬಿಳಿ ಹಾಳೆಯ ಮೇಲೆ ಬೇರನ್ನಷ್ಟೇ ಬರೆದರೆ ಅದು ವಿಚಿತ್ರವಾದ ಗಂಟಿನಂತೆ ಕಾಣುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಸಾಲದ್ದರಿಂದ ಬೇರು ಹೀಗೆ ಮೇಲೇಳುತ್ತದೆ. ಹಾಗಾಗಿ ನೀರನ್ನೂ ಕೊಳೆತ ಎಲೆಗಳನ್ನೂ ಬರೆಯದೆ ಆ ಆಕಾರಕ್ಕೆ ಅರ್ಥವಿಲ್ಲ. 1699ರಲ್ಲಿ ಸುರಿನಾಮ್‌ಗೆ ಹೋದ ಚಿತ್ರಕಾರ್ತಿ ಮರಿಯಾ ಸಿಬಿಲ್ಲಾ ಮೇರಿಯನ್ ಹುಳು, ಅದು ಮೇಯುವ ಗಿಡ, ಗೂಡು, ಚಿಟ್ಟೆ ಎಲ್ಲವನ್ನೂ ಒಂದೇ ಹಾಳೆಗೆ ತಂದದ್ದು ಏಕೆಂಬುದು ನನಗೆ ಮನದಟ್ಟಾದದ್ದು, ಉಂಬಳಗಳನ್ನು ಕೀಳುತ್ತಾ ಆ ಕೆಸರಿನಲ್ಲಿ ನಿಂತಾಗಲೇ.

ರಾಂಪತ್ರೆಯ ಹಾಳೆಯನ್ನು ಈಗ ಎರಡು ರೆಂಬೆಗಳಾಗಿ ಹೊಸದಾಗಿ ಬರೆಯುತ್ತಿದ್ದೇನೆ. ಗಂಡು ರೆಂಬೆಯೂ ಕಾಯಿಯೂ ಮುಗಿದಿವೆ. ಹೆಣ್ಣು ಹೂವಿರುವುದು ಮರದ ತುದಿಯಲ್ಲಿ. ನೆಲದಲ್ಲಿ ಆಯ್ದದ್ದೆಲ್ಲ ಈವರೆಗೆ ಗಂಡು ಹೂವೇ ಆಗಿರುವುದರಿಂದ, ಆ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ ಖಾಲಿ ಬಿಟ್ಟಿದ್ದೇನೆ.