ಮೇಲಿನ ಹಳ್ಳದ ಬಾಟಲಿ

ಗಣಿಯ ಕೆಳಗಿದ್ದ ಆದಿವಾಸಿ ಊರಿನವರು ಹಳ್ಳದ ನೀರು ಪರೀಕ್ಷೆ ಮಾಡಿಸಿಕೊಡಿ ಅಂತ ಕೇಳಿದ್ದರು. ಮೊದಲ ಸಲ ನಾನು ಚೆನ್ನಾಗಿಯೇ ಎಡವಿದೆ. ಊರಿನ ಹತ್ತಿರ ಮೂರು ಬಾಟಲಿ ತುಂಬಿಸಿಕೊಂಡು ಬಂದೆ, ಅಷ್ಟೆ. ಆರ್ಸೆನಿಕ್ ಮಿತಿಗಿಂತ ಜಾಸ್ತಿ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ವರದಿ ಹಿಡಿದು ಕಂಪನಿಯವರ ಮುಂದೆ ಕೂತೆ.

ಅವರ ಎಂಜಿನಿಯರ್ ಹೇಳಿದ್ದು ಒಂದೇ ಮಾತು: "ಇದು ಅದಿರಿನ ನೆಲ ಸರ್. ಇದೆಲ್ಲ ಮೊದಲಿಂದಲೂ ನೀರಲ್ಲಿ ಇದ್ದದ್ದೇ." ಸುಳ್ಳು ಅನ್ನೋಕೂ ಆಗಲ್ಲ, ಅಂಥ ನೆಲದಲ್ಲಿ ಹಾಗಿರುವುದುಂಟು. ಸುಮ್ನೆ ಎದ್ದು ಬಂದೆ.

ಊರಲ್ಲಿ ಇದನ್ನು ಹೇಳಿದಾಗ ಹಿರಿಯ ಹೆಂಗಸೊಬ್ಬರು ನಕ್ಕುಬಿಟ್ಟರು. "ಗಣಿ ದಾಟಿ ಮೇಲಕ್ಕೆ ಹೋಗಿದ್ಯಾ? ಅಲ್ಲಿ ಕಲ್ಲೆತ್ತಿದರೆ ಇನ್ನೂ ಏಡಿ ಸಿಗುತ್ತೆ. ಇಲ್ಲಿ ಸಿಗಲ್ಲ."

ಎರಡನೇ ಸಲ ದಾರಿ ತೋರಿಸಿದ್ದು ಅವರೇ. ಒಂದೇ ದಿನ ಮೂರು ಕಡೆ ನೀರು ಹಿಡಿದೆವು: ಗಣಿಯ ಮೇಲೆ, ಗಣಿ ನೀರು ಹಳ್ಳಕ್ಕೆ ಬೀಳುವ ಜಾಗದ ಕೆಳಗೆ, ಊರಿನ ಹತ್ತಿರ. ಲೋಹದ ಪರೀಕ್ಷೆಗಾದರೆ ಬಾಟಲಿಗೆ ಸ್ವಲ್ಪ ನೈಟ್ರಿಕ್ ಆಮ್ಲ ಹಾಕಬೇಕು. ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಲೆಕ್ಕ ಕಮ್ಮಿ ಬರುತ್ತದೆ. ಚೀಟಿಯಲ್ಲಿ ಜಾಗ, ಹೊತ್ತು, ಇಬ್ಬರ ಸಹಿ. ಪ್ರತಿ ಕಡೆಯಿಂದಲೂ ಇನ್ನೊಂದು ಬಾಟಲಿ ಸೀಲ್ ಮಾಡಿ ಕಂಪನಿಗೂ ಕೊಟ್ಟೆವು, ಅವರೇ ಬೇಕಾದ ಕಡೆ ಪರೀಕ್ಷೆ ಮಾಡಿಸಲಿ ಅಂತ. ಮೇಲಿನ ನೀರು ಮಿತಿಯೊಳಗಿತ್ತು, ಗಣಿ ದಾಟುತ್ತಲೇ ಏರಿತ್ತು. ನೆಲದ ಮಾತು ಅಲ್ಲಿಗೆ ನಿಂತಿತು.

ಆಮೇಲೆ ಶುರುವಾಯಿತು ಹೊಸ ರಾಗ. "ಗಣಿ ನಡೆಸುವುದು ನಮ್ಮ ಅಂಗಸಂಸ್ಥೆ, ನಾವಲ್ಲ." ಆಫ್ರಿಕಾದ ಜಾಂಬಿಯಾದ ಹಳ್ಳಿಯವರು ಬ್ರಿಟನ್ನಿನಲ್ಲಿ ನೋಂದಣಿಯಾಗಿದ್ದ ವೇದಾಂತ ಅನ್ನುವ ಗಣಿ ಕಂಪನಿಯ ಮೇಲೆ ಹಾಕಿದ್ದ ಕೇಸು ಆಗ ನೆನಪಾಯಿತು. ಅಲ್ಲೂ ತಾಮ್ರದ ಗಣಿ, ಕೆಟ್ಟ ನೀರು. ಮಾತೃ ಕಂಪನಿಯ ಮೇಲೂ ಕೇಸು ನಡೆಸಬಹುದು ಅಂತ 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ಪರಿಸರದ ಬಗ್ಗೆ ಆ ಕಂಪನಿಯೇ ಪ್ರಕಟಿಸಿದ್ದ ಮಾತುಗಳೂ ಅಲ್ಲಿ ಲೆಕ್ಕಕ್ಕೆ ಬಂದವು. ಹಾಗಾಗಿ ಇವರ ವಾರ್ಷಿಕ ವರದಿಗಳನ್ನು ಕೂತು ಓದಿದೆ. "ಎಲ್ಲ ಗಣಿಗಳ ನೀರಿನ ಮೇಲೆ ನಮ್ಮದೇ ನಿಗಾ" ಅಂತ ಬಣ್ಣದ ಫೋಟೊ ಪಕ್ಕದಲ್ಲೇ ಅಚ್ಚಾಗಿತ್ತು. ಆ ಪುಟವನ್ನೇ ದೂರಿಗೆ ಲಗತ್ತಿಸಿದೆ.

ಕಂಪನಿ ಮೊದಲು ಕೊಡಲು ಬಂದದ್ದು ಟ್ಯಾಂಕರ್ ನೀರು. ಊರಿನವರು ಬೇಡ ಅನ್ನಲಿಲ್ಲ. ಆದರೆ ಕಾಗದದಲ್ಲಿದ್ದ "ಪರಿಹಾರ" ಅನ್ನುವ ಪದಕ್ಕೆ ಗೀಟು ಹಾಕಿಸಿ, "ಹಳ್ಳ ಸರಿಯಾಗುವ ತನಕ" ಅಂತ ಬರೆಸಿದ ಮೇಲೇ ಸಹಿ ಹಾಕಿದರು.